ಬಾವಿಕಟ್ಟೆಯಿಂದ ಭೂಮಿಯ ಮಧ್ಯಕ್ಕೆ ನಡೆದು ಹೋದ ಕತೆ

ಎಂಟನೇ ಕ್ಲಾಸಿನ ಸಮಾಜ ವಿಜ್ಞಾನದಲ್ಲಿ ಭೂಮಿಯ ಒಳರಚನೆ ಬರುತ್ತದೆ. ಹೊರಗೆ ಭೂಕವಚ, ಅದರ ಕೆಳಗೆ ಮ್ಯಾಂಟಲ್, ನಡುವೆ ಕೇಂದ್ರಗೋಳ. ತೀರ್ಥಹಳ್ಳಿ ತಾಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಇದನ್ನು ಹನ್ನೊಂದು ವರ್ಷ ಒಂದೇ ರೀತಿ ಪಾಠ ಮಾಡಿದೆ. ಬೋರ್ಡಿನ ಮೇಲೆ ದೊಡ್ಡ ವೃತ್ತ, ಒಳಗೆ ಎರಡು ಸಣ್ಣ ವೃತ್ತ, ಬಣ್ಣದ ಚಾಕ್‌ಪೀಸು, "ಈರುಳ್ಳಿ ಇದ್ದ ಹಾಗೆ ನೋಡಿ" ಅನ್ನುವ ಮಾತು. ಮಕ್ಕಳು ಬರೆದುಕೊಳ್ಳುತ್ತಿದ್ದರು. ಪರೀಕ್ಷೆಗೆ ಚಿತ್ರ ಬಂದರೆ ಅವರಿಗೂ ಖುಷಿ, ನನಗೂ ಖುಷಿ.

ಹನ್ನೆರಡನೇ ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಮಿಸ್, ಒಳಗೆ ಹೋಗಿ ನೋಡಿ ಬಂದವರು ಯಾರು?" ಅಂತ ಕೇಳಿದಳು. ಕ್ಲಾಸೆಲ್ಲ ನಕ್ಕಿತು. ನಾನೂ ನಕ್ಕೆ. "ವಿಜ್ಞಾನಿಗಳು ಕಂಡುಹಿಡಿದಿದ್ದಾರೆ, ಕೂತ್ಕೋ" ಅಂದೆ. ಅವಳು ಕೂತಳು. ನನಗೆ ಮಾತ್ರ ಮನೆಗೆ ಬಂದ ಮೇಲೂ ಅದೇ ಕೊರೆಯುತ್ತಿತ್ತು. ಯಾಕೆಂದರೆ ಉತ್ತರ ನನಗೇ ಸರಿಯಾಗಿ ಗೊತ್ತಿರಲಿಲ್ಲ. ನಾನು ಬಿ.ಎ. ಓದಿದವಳು. ಭೌತಶಾಸ್ತ್ರ ಬಿಟ್ಟು ಎಷ್ಟೋ ಕಾಲವಾಗಿತ್ತು.

ಅದೇ ವರ್ಷ ಒಂದು ಮದುವೆ ಮನೆಯಲ್ಲಿ ಇನ್ನೊಂದು ಪೆಟ್ಟು ಬಿತ್ತು. ಊಟದ ಪಂಕ್ತಿಯಲ್ಲಿ ಪಕ್ಕ ಕೂತಿದ್ದವರು ಕುದುರೆಮುಖದ ಗಣಿಯಲ್ಲಿ ಕೆಲಸ ಮಾಡಿ ನಿವೃತ್ತರಾದ ಹಿರಿಯರು. ಈಗಲೂ ನನ್ನನ್ನು ಹಳೇ ಕಾಲದವರ ಹಾಗೆ 'ಅಕ್ಕೋರೇ' ಅಂತಲೇ ಕರೆಯುತ್ತಾರೆ. ಮಾತು ಪಾಠದ ಕಡೆಗೆ ತಿರುಗಿತು. ಮ್ಯಾಂಟಲ್ ಅಂದರೆ ಕುದಿಯುವ ಲಾವಾ ಅಂತ ಹೇಳಿಕೊಡುತ್ತೇನೆ ಅಂದೆ. ಅವರು ಹೋಳಿಗೆ ಮುರಿಯುವುದನ್ನು ನಿಲ್ಲಿಸಿ, "ಅಕ್ಕೋರೇ, ಅದು ದ್ರವ ಆಗಿದ್ದರೆ ಎಸ್ ತರಂಗ ಅದರೊಳಗೆ ಹ್ಯಾಗೆ ಹಾದುಹೋಗ್ತದೆ?" ಅಂದರು. ಎಸ್ ತರಂಗ ಅಂದರೇನು ಅಂತ ಕೇಳುವಷ್ಟು ಧೈರ್ಯ ಆ ಪಂಕ್ತಿಯಲ್ಲಿ ನನಗೆ ಬರಲಿಲ್ಲ. ತಲೆ ಅಲ್ಲಾಡಿಸಿ ಪಾಯಸ ಹಾಕಿಸಿಕೊಂಡೆ. ಮಾರನೇ ಭಾನುವಾರ ಅವರ ಮನೆಗೇ ಹೋದೆ. ಎಸ್ ತರಂಗ ಅಂದರೆ ಭೂಕಂಪ ಎಬ್ಬಿಸುವ ಒಂದು ಬಗೆಯ ಅಲೆ, ಗಟ್ಟಿ ವಸ್ತುವಿನಲ್ಲಿ ಮಾತ್ರ ಹಾದುಹೋಗುತ್ತದೆ ಅಂತ ಅಲ್ಲಿ ಗೊತ್ತಾಯಿತು.

ಹನ್ನೊಂದು ವರ್ಷ ತಪ್ಪು ಹೇಳಿಕೊಟ್ಟಿದ್ದೆ. ಮ್ಯಾಂಟಲ್ ಲಾವಾ ಅಲ್ಲ, ಗಟ್ಟಿ ಕಲ್ಲು. ಅಲ್ಲಲ್ಲಿ ಸ್ವಲ್ಪ ಕರಗಿರುತ್ತದೆ ಅಷ್ಟೇ. ಚಿತ್ರಗಳಲ್ಲಿ ಕೆಂಪು, ಕಿತ್ತಳೆ ಬಣ್ಣ ಬಳಿದು ಬಳಿದು ನಮ್ಮ ತಲೆಯೊಳಗೆ ಬೆಂಕಿ ಹೊತ್ತಿಸಿಬಿಟ್ಟಿದ್ದಾರೆ. ಆ ಕಲ್ಲನ್ನು ಮೇಲೆ ತಂದು ಆರಿಸಿ ನೋಡಿದರೆ ಹಸಿರು. ಪೆರಿಡೊಟೈಟ್ ಅಂತ ಹೆಸರು. ಹಿರಿಯರು ಕಪಾಟಿನಿಂದ ಒಂದು ಬಳಪದ ಕಲ್ಲಿನ ತುಂಡು ತೆಗೆದುಕೊಟ್ಟರು. ನಮ್ಮ ರಾಜ್ಯದ ಬಳಪದ ಕಲ್ಲು ಬಹುಪಾಲು ಮೆಗ್ನೀಷಿಯಂ ಜಾಸ್ತಿ ಇದ್ದ ಹಳೇ ಕಲ್ಲು, ನೀರು ಶಾಖ ತಾಗಿ ಮೆತ್ತಗಾದದ್ದಂತೆ. ಮ್ಯಾಂಟಲ್‌ನ ಕಲ್ಲೂ ಮೆಗ್ನೀಷಿಯಂ ಜಾಸ್ತಿ ಇರುವ ಜಾತಿಯದ್ದೇ. ಅಂದರೆ ಬೇಲೂರು ಹಳೇಬೀಡಿನ ಶಿಲ್ಪಗಳ ಕಲ್ಲು ಆ ಕಡೆಯ ದೂರದ ನೆಂಟ. ಆ ತುಂಡು ಈಗಲೂ ನನ್ನ ಮೇಜಿನ ಮೇಲಿದೆ, ಉಗುರಿನಲ್ಲಿ ಗೀರಿದರೆ ಬಿಳಿ ಪುಡಿ ಬರುತ್ತದೆ.

ನಡೆದುಕೊಂಡು ಹೋಗುವ ಉಪಾಯವೂ ಅವತ್ತೇ ಹೊಳೆಯಿತು. ಭೂಮಿಯ ಮೇಲ್ಮೈಯಿಂದ ಮಧ್ಯದವರೆಗೆ 6,371 ಕಿಲೋಮೀಟರ್. ಒಂದು ಕಿಲೋಮೀಟರಿಗೆ ಒಂದು ಮೀಟರ್ ಅಂತ ಇಟ್ಟುಕೊಂಡರೆ 6,371 ಮೀಟರ್, ಆರು ಕಿಲೋಮೀಟರ್ ಚಿಲ್ಲರೆ. ನಮ್ಮ ಮಕ್ಕಳಲ್ಲಿ ಅರ್ಧದಷ್ಟು ಜನ ದಿನಾ ಅದಕ್ಕಿಂತ ಜಾಸ್ತಿ ನಡೆಯುತ್ತಾರೆ.

ಅಳತೆಯೇ ಮೊದಲ ತಲೆನೋವು. ಮೊದಲು ನನ್ನ ಸ್ಕೂಟಿಯ ಮೀಟರ್ ನಂಬಿದೆ. ಅದು ನೂರು ನೂರು ಮೀಟರಿಗೆ ಒಂದು ಅಂಕಿ ಹಾರುತ್ತದೆ. ಭೂಕವಚ ಇಡೀ ಸೇರಿ ಐವತ್ತು ಮೀಟರ್ ಇಲ್ಲ! ಅದನ್ನು ಬಿಟ್ಟು ನಮ್ಮ ಅಟೆಂಡರ್ ಅಣ್ಣನ ಹಳೇ ಸೈಕಲ್ ತೆಗೆದುಕೊಂಡೆವು. ಟೈರಿಗೆ ಸುಣ್ಣದ ಗುರುತು ಹಾಕಿ ಒಂದು ಸುತ್ತು ಉರುಳಿಸಿದರೆ 2 ಮೀಟರ್ 20 ಸೆಂಟಿಮೀಟರ್. ಮಧ್ಯಕ್ಕೆ ಮುಟ್ಟಲು 2,896 ಸುತ್ತು. ಒಬ್ಬ ಹುಡುಗ ಸೀಟಿನ ಮೇಲೆ ಕೂತರೆ ಟೈರು ಅಮುಕಿ ಸುತ್ತಿಗೆ ಎರಡು ಸೆಂಟಿಮೀಟರ್ ಕಡಿಮೆಯಾಗುತ್ತಿತ್ತು. ಇದೇನು ಮಹಾ ಅಂತ ಬಿಟ್ಟಿದ್ದೆ. ಗಣಿತದ ಸಾರ್ ಲೆಕ್ಕ ಹಾಕಿ ತೋರಿಸಿದರು. 2,896 ಸಲ ಎರಡು ಸೆಂಟಿಮೀಟರ್ ಅಂದರೆ 58 ಮೀಟರ್. ನಮ್ಮ ತಪ್ಪೇ ಇಡೀ ಭೂಕವಚಕ್ಕಿಂತ ದಪ್ಪ. ಕೊನೆಗೆ ಸೈಕಲ್ ತಳ್ಳಿಕೊಂಡೇ ಹೋದೆವು, ಪಕ್ಕದಲ್ಲಿ ಒಬ್ಬಳು ಹತ್ತು ಸುತ್ತಿಗೊಂದು ಹುಣಸೆ ಬೀಜ ಡಬ್ಬಕ್ಕೆ ಹಾಕುತ್ತಾ ಬಂದಳು. ಮೊದಲ ನೂರು ಮೀಟರ್ ಮಾತ್ರ ಮೇಸ್ತ್ರಿಯ ಟೇಪಿನಲ್ಲೇ ಅಳೆದದ್ದು.

ಒಂದು ಸಣ್ಣ ಕಳ್ಳಾಟ ಮಾಡಿದ್ದೇನೆ, ಹೇಳಿಬಿಡುತ್ತೇನೆ. ಶಾಲೆಯ ಗೇಟಿನಿಂದ ಶುರುಮಾಡಿದರೆ ದಾರಿಯಲ್ಲಿ ಹಳ್ಳದ ಮೋರಿ 2,830ನೇ ಮೀಟರಿಗೆ ಸಿಗುತ್ತಿತ್ತು. ಗಟ್ಟಿ ಮ್ಯಾಂಟಲ್ ಮುಗಿದು ದ್ರವದ ಹೊರ ಕೇಂದ್ರಗೋಳ ಶುರುವಾಗುವುದು 2,890ಕ್ಕೆ. ಅಷ್ಟು ಹತ್ತಿರ ಬಂದ ಹಳ್ಳವನ್ನು ಬಿಡುವುದುಂಟಾ? ಆರಂಭವನ್ನೇ ಅರವತ್ತು ಮೀಟರ್ ಹಿಂದಕ್ಕೆ, ಶಾಲೆಯ ಹಿತ್ತಿಲ ಬಾವಿಕಟ್ಟೆಗೆ ತಂದೆ.

ಮೊದಲ ಸಲ ಹೊರಟದ್ದು ಜುಲೈನಲ್ಲಿ. ಪಾಠ ಆಗ ಬಂದಿತ್ತು, ನಾನೂ ಉತ್ಸಾಹದಲ್ಲಿದ್ದೆ. ಮಲೆನಾಡಿನಲ್ಲಿ ಹುಟ್ಟಿ ಬೆಳೆದವಳಿಗೆ ಇಷ್ಟೂ ಬುದ್ಧಿ ಇಲ್ವಾ ಅಂತ ನನ್ನ ಗಂಡ ಈಗಲೂ ನಗುತ್ತಾರೆ. ಚಾಕ್‌ಪೀಸಿನ ಗುರುತು ಹತ್ತು ನಿಮಿಷಕ್ಕೆ ತೊಳೆದುಹೋಯಿತು. ಏಳುನೂರು ಮೀಟರಿಗೆ ಬರುವಷ್ಟರಲ್ಲಿ ಮಕ್ಕಳ ಕಾಲಿಗೆಲ್ಲ ಉಂಬಳ. ಉಪ್ಪು ಹಚ್ಚಿ ಬಿಡಿಸುವುದರಲ್ಲೇ ಪೀರಿಯಡ್ ಮುಗಿಯಿತು. ಮಾರನೇ ದಿನ ಒಬ್ಬ ಹುಡುಗಿಯ ಅಪ್ಪ ಶಾಲೆಗೆ ಬಂದು, ಪಾಠ ಕೋಣೆಯೊಳಗೆ ಮಾಡಿದರೆ ಆಗಲ್ವಾ ಅಂತ ಕೇಳಿ ಹೋದರು. ತಪ್ಪೇನೂ ಇರಲಿಲ್ಲ ಅವರದ್ದು. ಎಸ್‌ಡಿಎಂಸಿ ಸಭೆಯಲ್ಲಿ ವಿಷಯ ಇಟ್ಟು, ಡಿಸೆಂಬರಿಗೆ ಮುಂದೂಡಿದೆವು.

ಹೊರಡುವ ಮುಂಚಿನ ವಾರ ಎರಡು ಕೆಲಸ ಮಾಡಿದೆ. ಮೊದಲನೆಯದು ಬಾವಿ. ನಮ್ಮ ವಿದ್ಯಾರ್ಥಿಯೊಬ್ಬನ ಅಪ್ಪ ಬಾವಿ ತೆಗೆಯುವ ಕೆಲಸದವರು. ಅವರನ್ನೇ ಕರೆಸಿ ಬಾವಿಕಟ್ಟೆಯ ಮೇಲೆ ನಿಲ್ಲಿಸಿ ಮಾತಾಡಿಸಿದೆ. "ಮೇಲೆ ಕೆಂಪು ಮಣ್ಣು, ಆಮೇಲೆ ಜಂಬಿಟ್ಟಿಗೆ. ಜಂಬಿಟ್ಟಿಗೆ ಮುಗಿದ ಮೇಲೆ ಶೇಡಿ ಸಿಗ್ತದೆ. ಶೇಡಿ ಬಂತು ಅಂದ್ರೆ ಹುಷಾರು, ಕುಸೀತದೆ. ಅದರ ಕೆಳಗೆ ಕರಿಕಲ್ಲು. ಅಲ್ಲಿಗೆ ನನ್ನ ಗುದ್ದಲಿ ಕೆಲಸ ಮುಗೀತು." ಮಕ್ಕಳು ಇದನ್ನೇ ಭೂಮಿಯ ಪದರಗಳು ಅಂದುಕೊಂಡರು. ಅಲ್ಲ ಅಂತ ಬಿಡಿಸಿ ಹೇಳಬೇಕಾಯಿತು. ಕೆಳಗಿನ ಕಲ್ಲೇ ಲಕ್ಷಾಂತರ ವರ್ಷದ ಮಳೆಗೆ ಕೊಳೆತು ಶೇಡಿಯಾಗಿ, ಜಂಬಿಟ್ಟಿಗೆಯಾಗಿ, ಮಣ್ಣಾಗಿದೆ. ಮಳೆ ತೊಳೆದುಕೊಂಡು ಹೋಗಲಾರದೆ ಉಳಿದ ಕಬ್ಬಿಣ, ಅಲ್ಯೂಮಿನಿಯಂ ಜಂಬಿಟ್ಟಿಗೆಗೆ ಆ ಬಣ್ಣ ಕೊಟ್ಟಿವೆ. ಇದು ಪದರವಲ್ಲ, ಗೋಡೆಗೆ ಹಿಡಿದ ಪಾಚಿ ಇದ್ದ ಹಾಗೆ.

ಎರಡನೆಯದು ತೂಕ. ಆ ಹುಡುಗಿಯ ಪ್ರಶ್ನೆಗೆ ಅರ್ಧ ಉತ್ತರ ಇದರಲ್ಲಿದೆ ಅಂತ ನನಗೆ ಹಿರಿಯರೇ ಹೇಳಿದ್ದು. ವಿಜ್ಞಾನದ ಮೇಡಂ ಹತ್ತಿರ ಸ್ಪ್ರಿಂಗ್ ತಕ್ಕಡಿ ಇಸಿದುಕೊಂಡೆ. ಬಾವಿ ತೆಗೆದಾಗ ಬಂದ ಕರಿಕಲ್ಲಿನ ಒಂದು ಚೂರಿಗೆ ದಾರ ಕಟ್ಟಿ ತೂಗಿದೆವು, 540 ಗ್ರಾಂ. ಹಾಗೇ ಬಕೆಟ್ ನೀರಿನೊಳಗೆ ಇಳಿಬಿಟ್ಟು ತೂಗಿದರೆ 340. ನೀರಿನಲ್ಲಿ ಕಳೆದುಕೊಂಡದ್ದು 200. 540ನ್ನು 200ರಿಂದ ಭಾಗಿಸಿ. 2.7. ಅಂದರೆ ಅಷ್ಟೇ ಜಾಗದ ನೀರಿಗಿಂತ ಕಲ್ಲು 2.7 ಪಟ್ಟು ಭಾರ. ಜಂಬಿಟ್ಟಿಗೆ ತುಂಡನ್ನು ಇಳಿಬಿಟ್ಟರೆ ಗುಳುಗುಳು ಗುಳ್ಳೆ ಬಿಡುತ್ತಲೇ ಇತ್ತು, ಲೆಕ್ಕಕ್ಕೆ ಸಿಗಲಿಲ್ಲ. ಆಮೇಲೆ ಆಟದ ಕೋಣೆಯಿಂದ ನಾಲ್ಕು ಕೆ.ಜಿ.ಯ ಕಬ್ಬಿಣದ ಗುಂಡು ತಂದು ಹಳೇ ಈರುಳ್ಳಿ ಚೀಲದ ಬಲೆಯಲ್ಲಿ ಕಟ್ಟಿ ಇಳಿಬಿಟ್ಟೆವು. ಕಳೆದುಕೊಂಡದ್ದು ಸುಮಾರು 550 ಗ್ರಾಂ. ಏಳೂಕಾಲು ಪಟ್ಟು.

ಈಗ ಬೋರ್ಡಿನ ಮೇಲೆ ಕಲ್ಲು 2.7, ಗುಂಡು 7.25 ಅಂತ ಬರೆದು, ನಡುವೆ ಭೂಮಿ 5.5 ಅಂತ ಬರೆದೆ. ಇಡೀ ಭೂಮಿಯನ್ನು ತೂಗಿದವರು ಯಾರು ಅಂತ ಪ್ರಶ್ನೆ ಬಂತು. ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಶ್ 1798ರಲ್ಲಿ ಸೀಸದ ಗುಂಡುಗಳು ಒಂದನ್ನೊಂದು ಎಷ್ಟು ಎಳೆಯುತ್ತವೆ ಅಂತ ಅಳೆದು, ಅದರಿಂದ ಭೂಮಿಯ ಸಾಂದ್ರತೆ ಲೆಕ್ಕ ಹಾಕಿದ. ಈಗಿನ ಅಂಕಿಗೆ ಅವನು ತೀರಾ ಹತ್ತಿರ ಬಂದಿದ್ದ. ಸರಿ, ಮೇಲಿನ ಕಲ್ಲೆಲ್ಲ 2.7, ಆದರೆ ಒಟ್ಟು ಸರಾಸರಿ 5.5. ಇದು ಹೇಗೆ? ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಯಾವಾಗಲೂ ಸುಮ್ನೆ ಕೂತಿರುವ ಒಬ್ಬ ಹುಡುಗ ಗುಂಡಿನ ಕಡೆ ಕೈ ತೋರಿಸಿ, "ಒಳಗೆ ಇಂಥದ್ದು ಇರ್ಬೇಕು" ಅಂದ. ಆ ಗಳಿಗೆಗಾಗಿಯೇ ಇಷ್ಟೆಲ್ಲ ಮಾಡಿದ್ದು ಅನ್ನಿಸಿತು. ನಿಜ ಹೇಳಬೇಕೆಂದರೆ ಒಳಗಿನ ಒತ್ತಡಕ್ಕೆ ಕಲ್ಲೂ ಅಮುಕಿ ಭಾರವಾಗುತ್ತದೆ, ಆದರೆ ಅದೊಂದರಿಂದಲೇ 5.5 ಬರುವುದಿಲ್ಲ. ಒಟ್ಟು ಭೂಮಿಯಲ್ಲಿ ತೂಕದ ಲೆಕ್ಕಕ್ಕೆ ಮೂರರಲ್ಲಿ ಹತ್ತಿರ ಹತ್ತಿರ ಒಂದು ಪಾಲು ಕಬ್ಬಿಣ. ಭೂಕವಚದಲ್ಲಿ ಅದು ನೂರಕ್ಕೆ ಐದಾರು ಮಾತ್ರ. ಅಲ್ಲಿ ಆಮ್ಲಜನಕ, ಸಿಲಿಕಾನ್ ಎರಡೇ ಸೇರಿ ಮುಕ್ಕಾಲು ಪಾಲು.

ಡಿಸೆಂಬರಿನ ಒಂದು ಶನಿವಾರ ಬೆಳಿಗ್ಗೆ ಬಾವಿಕಟ್ಟೆಯಿಂದ ಹೊರಟೆವು. ಮೂವತ್ತೊಂದು ಮಕ್ಕಳು, ನಾನು, ಗಣಿತದ ಸಾರ್, ಹಿಂದೆ ಅಟೆಂಡರ್ ಅಣ್ಣನ ಸೈಕಲ್ ಮೇಲೆ ನೀರಿನ ಕ್ಯಾನು.

ಹೊರಡುವುದಕ್ಕೆ ಅರ್ಧ ಗಂಟೆ ಬೇಕಾಯಿತು, ಯಾಕೆಂದರೆ ಮನುಷ್ಯನಿಗೆ ಗೊತ್ತಿರುವುದೆಲ್ಲ ಕಟ್ಟೆಯ ಬುಡದಲ್ಲೇ ಇದೆ. ನಮ್ಮ ನಲವತ್ತಡಿ ಬಾವಿ ನಮ್ಮ ಅಳತೆಯಲ್ಲಿ 1.2 ಸೆಂಟಿಮೀಟರ್, ಕಿರುಬೆರಳಿನ ಅಗಲ. ಐನೂರು ಅಡಿಯ ಬೋರ್‌ವೆಲ್ ಅಂದರೆ 15 ಸೆಂಟಿಮೀಟರ್. ಒಬ್ಬಳು ಜಾಮಿಟ್ರಿ ಬಾಕ್ಸಿನ ಸ್ಕೇಲ್ ತೆಗೆದು ನೆಲದ ಮೇಲಿಟ್ಟಳು, ಸರಿಯಾಗಿ ಅಷ್ಟೇ. 253 ಮೀಟರಿನ ಜೋಗ ಒಂದು ಗೇಣಿಗಿಂತ ಚೂರು ಜಾಸ್ತಿ. ಮೇಲಕ್ಕೆ ಹೋದರೆ ಕೊಡಚಾದ್ರಿ 1,343 ಮೀಟರ್, ನಮ್ಮ ಕ್ಲಾಸಿನ ಕುಳ್ಳಿಯ ಎತ್ತರ. ಅವಳನ್ನು ಅಲ್ಲೇ ನಿಲ್ಲಿಸಿ 'ಕೊಡಚಾದ್ರಿ' ಅಂತ ಹೆಸರಿಟ್ಟರು, ಎಸೆಸೆಲ್ಸಿ ಮುಗಿಯುವವರೆಗೂ ಆ ಹೆಸರು ಹೋಗಲಿಲ್ಲ. ಕೋಲಾರದ ಚಿನ್ನದ ಗಣಿ ಮೂರು ಕಿಲೋಮೀಟರಿಗಿಂತ ಆಳ, ಅಂದರೆ ಮೂರು ಹೆಜ್ಜೆಯ ಮೇಲೆ ಸ್ವಲ್ಪ. ಅಷ್ಟು ಆಳದಲ್ಲೇ ಬಂಡೆಯ ಬಿಸಿ ಅರವತ್ತು ಡಿಗ್ರಿ ದಾಟುತ್ತಿತ್ತು.

ಮುಂದಿನದು 12 ಮೀಟರಿನ ಗುರುತು, ಬಿಸಿಯೂಟದ ಕೋಣೆಯ ಕಿಟಕಿಯ ಕೆಳಗೆ. ರಷ್ಯಾದ ಕೋಲಾ ಪರ್ಯಾಯ ದ್ವೀಪದಲ್ಲಿ 1970ರಲ್ಲಿ ಕೊರೆಯಲು ಶುರುಮಾಡಿ 1989ಕ್ಕೆ 12,262 ಮೀಟರ್ ಮುಟ್ಟಿದರು. ತೂತಿನ ಅಗಲ ಒಂದು ಗೇಣು ಅಷ್ಟೇ. ಕೆಳಗೆ 180 ಡಿಗ್ರಿ ಶಾಖ ಎದುರಾಗಿ, ಕಲ್ಲು ಮೆತ್ತಗೆ ವರ್ತಿಸತೊಡಗಿ ಕೆಲಸ ನಿಂತಿತು. ಇವತ್ತಿಗೂ ಅದಕ್ಕಿಂತ ಆಳಕ್ಕೆ ಮನುಷ್ಯ ಇಳಿದಿಲ್ಲ, ಯಂತ್ರವನ್ನೂ ಇಳಿಸಿಲ್ಲ. "ಇಷ್ಟೇನಾ ಮಿಸ್?" ಅಂತ ಹಿಂದಿನ ಬೆಂಚಿನ ಹುಡುಗಿ ಕೇಳಿದಳು. ಮುಂದೆ ಆರು ಕಿಲೋಮೀಟರ್ ದಾರಿ, ಹನ್ನೆರಡು ಮೀಟರಿಗೇ ಮನುಷ್ಯ ಸುಸ್ತು. ಅಡುಗೆಯ ಅಮ್ಮ ಕಿಟಕಿಯಿಂದ ಇಣುಕಿ, ಏನು ನಡೀತಿದೆ ಅಂತ ವಿಚಾರಿಸಿದರು.

ಭೂಕವಚ ಶಾಲೆಯ ಕಾಂಪೌಂಡಿನೊಳಗೇ ಮುಗಿಯಿತು. ನಮ್ಮ ಭಾಗದಲ್ಲಿ ಅದು ನಲವತ್ತು ಕಿಲೋಮೀಟರಿಗಿಂತ ಜಾಸ್ತಿ ದಪ್ಪ, ಈ ಸೀಮೆಯ ಎಷ್ಟೋ ಬಂಡೆಗಳು 250 ಕೋಟಿ ವರ್ಷಕ್ಕೂ ಹಳೆಯವು. ಸಮುದ್ರದ ತಳದಲ್ಲಾದರೆ ಬರೀ ಏಳೆಂಟು ಕಿಲೋಮೀಟರ್. ಹಿಮಾಲಯದ ಕೆಳಗೆ ಎಪ್ಪತ್ತರ ಹತ್ತಿರ. ಎಲ್ಲಿ ಮುಗಿಯುತ್ತದೆ ಅಂತ ಮೊದಲು ಗುರುತಿಸಿದ್ದು ಕ್ರೊಯೇಷಿಯಾದ ಮೊಹೊರೊವಿಚಿಚ್, 1909ರಲ್ಲಿ. ಹೆಸರು ಉಚ್ಚರಿಸಲು ಮಕ್ಕಳಿಗೆ ಹೇಳಿ ಸಾಕಾಗಿ ನಾನೂ ಪುಸ್ತಕದ ಹಾಗೆ 'ಮೊಹೊ' ಅಂತ ಬಿಟ್ಟೆ. ಒಂದು ಭೂಕಂಪದ ಅಲೆಗಳು ಹತ್ತಿರದ ಕೇಂದ್ರಗಳಿಗೆ ಒಂದು ವೇಗದಲ್ಲೂ, ದೂರದವಕ್ಕೆ ಇನ್ನೂ ಜೋರಾಗಿಯೂ ಬಂದಿದ್ದವು. ದೂರ ಹೋಗುವ ಅಲೆ ಕೆಳಗಿಳಿದು ಗಟ್ಟಿ ಕಲ್ಲಿನಲ್ಲಿ ಓಡಿ ಮೇಲೆ ಬಂದಿದೆ ಅಂತ ಅವರು ಅರ್ಥ ಮಾಡಿಕೊಂಡರು. ಒಳದಾರಿ ಹಾಳಾಗಿದ್ದರೆ ಸುತ್ತು ಬಳಸಿ ಹೈವೇ ಹಿಡಿದವನು ಮೊದಲು ಶಿವಮೊಗ್ಗ ಸೇರುವುದಿಲ್ವಾ, ಹಾಗೆ.

ಗೇಟು ದಾಟಿ ನೂರೈವತ್ತು ಮೀಟರಿಗೆ ಪೆಟ್ಟಿಗೆ ಅಂಗಡಿ. ವಜ್ರಗಳು ಹೆಚ್ಚಾಗಿ ಹುಟ್ಟುವುದು 150 ಕಿಲೋಮೀಟರಿಗಿಂತ ಆಳದಲ್ಲಿ ಅಂತ ಹೇಳಿದ್ದೇ ತಪ್ಪಾಯಿತು, ಅಂಗಡಿಯವರಿಗೆ ವಜ್ರದ ಸೇಠ್ ಅಂತ ನಾಮಕರಣವಾಯಿತು. ಏಳುನೂರಕ್ಕೆ ಬಸ್ ಸ್ಟಾಪು. ಭೂಕಂಪಗಳು ಹುಟ್ಟುವುದು ಹೆಚ್ಚುಕಡಿಮೆ ಇಲ್ಲಿಯವರೆಗೆ ಮಾತ್ರ, ಅದರಿಂದ ಕೆಳಗೆ ಇಲ್ಲ. ಆಮೇಲೆ ಸುಮಾರು ದೂರ ಹೇಳುವಂಥದ್ದೇನೂ ಇರಲಿಲ್ಲ. ಎರಡೂ ಕಡೆ ಅಡಿಕೆ ತೋಟ, ಕೊನೆ ಕೊಯ್ಲಿನ ಕಾಲ, ಮಕ್ಕಳು ನಡೆದರು. ಮ್ಯಾಂಟಲ್ ಹಾಗೇ ಇದೆ, ಉದ್ದಕ್ಕೂ ಕಲ್ಲು. ಭೂಮಿಯ ಗಾತ್ರದಲ್ಲಿ ನೂರಕ್ಕೆ ಎಂಬತ್ನಾಲ್ಕು ಪಾಲು ಇದೊಂದೇ. ಬೇಜಾರಾದರೂ ಪರವಾಗಿಲ್ಲ ಅಂತ ನಾನು ಮಾತಾಡದೆ ನಡೆಸಿದೆ. ಎಷ್ಟು ದಪ್ಪ ಅಂತ ಕಾಲಿಗೆ ಗೊತ್ತಾಗಬೇಕಲ್ಲ.

1,600ರ ಹತ್ತಿರ ನನಗೊಂದು ಅದೃಷ್ಟ ಕಾದಿತ್ತು. ರಸ್ತೆ ಕೆಲಸದವರು ಎಂದೋ ಬಿಟ್ಟುಹೋದ ಡಾಂಬರಿನ ಡ್ರಮ್ಮು ಪಕ್ಕಕ್ಕೆ ಉರುಳಿ ಬಿದ್ದಿತ್ತು. ಬಾಯಿಂದ ಡಾಂಬರು ನಾಲಗೆ ಚಾಚಿದ ಹಾಗೆ ಹುಲ್ಲಿನ ಮೇಲೆ ಒಂದು ಮೊಳ ಹರಿದಿತ್ತು. ಒಬ್ಬನಿಗೆ ಕಲ್ಲು ಕೊಟ್ಟು ಹೊಡಿ ಅಂದೆ. ಬೆಳಗಿನ ಚಳಿಗೆ ಗಟ್ಟಿಯಾಗಿದ್ದ ಡಾಂಬರು ಗಾಜಿನ ಹಾಗೆ ಚಕ್ಕೆ ಎದ್ದಿತು. ಮುಟ್ಟಿದರೆ ಅಂಚು ಚೂಪು. "ಗಟ್ಟಿಯೋ, ದ್ರವವೋ?" ಅಂತ ಕೇಳಿದೆ. ಗಟ್ಟಿ ಅಂದರು. "ಹಾಗಿದ್ರೆ ಡ್ರಮ್ಮಿಂದ ಹೊರಗೆ ಹ್ಯಾಗೆ ಬಂತು?" ಒಬ್ಬಳು ಬಗ್ಗಿ ನೋಡಿ, ಡಾಂಬರಿನೊಳಗೆ ಅರ್ಧ ಹುದುಗಿದ್ದ ಒಂದು ಒಣ ಎಲೆ ತೋರಿಸಿದಳು. ನಿಧಾನಕ್ಕೆ ಹರಿಯುವಾಗ ಎಲೆಯನ್ನೂ ನುಂಗಿದೆ. ಮ್ಯಾಂಟಲ್ ಹೀಗೇ. ಭೂಕಂಪದ ಪೆಟ್ಟು ಒಂದು ಕ್ಷಣದ್ದು, ಅದಕ್ಕೆ ಕಲ್ಲಿನ ಹಾಗೆ ಎದುರು ನಿಲ್ಲುತ್ತದೆ. ಲಕ್ಷ, ಕೋಟಿ ವರ್ಷ ಕೊಟ್ಟರೆ ಹರಿಯುತ್ತದೆ, ವರ್ಷಕ್ಕೆ ಕೆಲವು ಸೆಂಟಿಮೀಟರಿನಷ್ಟು, ನಮ್ಮ ಉಗುರು ಬೆಳೆಯುವಷ್ಟು. ಹನ್ನೊಂದು ವರ್ಷ ನಾನು ಹೇಳಿದ ಲಾವಾಕ್ಕಿಂತ ಈ ಡ್ರಮ್ಮು ಚೆನ್ನಾಗಿ ಪಾಠ ಮಾಡಿತು. ಚಪ್ಪಲಿಗೆ ಅಂಟಿದ ಡಾಂಬರನ್ನು ಸೀಮೆಎಣ್ಣೆ ಹಾಕಿ ತೆಗೆಯುವುದು ಬೇರೆ ಕತೆ.

ಮೋರಿಯ ಹತ್ತಿರ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದೆ. ಒಬ್ಬರ ಹೆಗಲ ಮೇಲೆ ಇನ್ನೊಬ್ಬರ ಕೈ, ಬಿಗಿಯಾಗಿ. ಹಿಂದಿನಿಂದ ಮೆಲ್ಲಗೆ ತಳ್ಳಿದರೆ ತಳ್ಳು ಮುಂದಿನವರೆಗೂ ಹೋಯಿತು. ಅದು ಪಿ ತರಂಗ. ಹಿಂದಿನವರನ್ನು ಪಕ್ಕಕ್ಕೆ ಎಳೆದರೆ ಇಡೀ ಸಾಲು ಹಾವಿನ ಹಾಗೆ ಓಲಾಡಿತು. ಅದು ಎಸ್ ತರಂಗ. ಇದು ಗಟ್ಟಿ ಕಲ್ಲು. ಈಗ ಕೈ ತೆಗೆಯಿರಿ, ಒತ್ತೊತ್ತಾಗಿ ನಿಲ್ಲಿ, ಯಾರನ್ನೂ ಹಿಡಿಯಬೇಡಿ ಅಂದೆ. ಇದು ದ್ರವ. ತಳ್ಳಿದರೆ ಈಗಲೂ ತಳ್ಳು ಮುಂದೆ ಹೋಯಿತು, ಸ್ವಲ್ಪ ಜಾಸ್ತಿಯೇ ಹೋಗಿ ಮುಂದಿದ್ದವನು ಗದ್ದೆಗೆ ಇಳಿದ. ಪಕ್ಕಕ್ಕೆ ಎಳೆದರೆ ಎಳೆದವನೊಬ್ಬನೇ ಪಕ್ಕಕ್ಕೆ ಬಂದ. ಉಳಿದವರು ಹಾಗೇ ನಿಂತಿದ್ದರು. ಮದುವೆ ಮನೆಯ ಪ್ರಶ್ನೆಗೆ ಉತ್ತರ ಇಷ್ಟೇ ಆಗಿತ್ತು.

ಅಲ್ಲೇ ಮೋರಿಯ ಕಟ್ಟೆ ಮೇಲೆ ಕೂರಿಸಿ ಉಳಿದ ಕತೆ ಹೇಳಿದೆ. 1897ರಲ್ಲಿ ಅಸ್ಸಾಮಿನಲ್ಲಿ ದೊಡ್ಡ ಭೂಕಂಪ ಆಯಿತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿ ಕೆಲಸದಲ್ಲಿದ್ದ ಓಲ್ಡಮ್ ಎನ್ನುವವರು ಅದರ ವರದಿ ಬರೆದರು, ದೂರದ ದೇಶಗಳ ದಾಖಲೆಗಳಲ್ಲಿ ಪಿ, ಎಸ್ ಎರಡೂ ಬೇರೆ ಬೇರೆಯಾಗಿ ಬಂದಿರುವುದನ್ನು ಗುರುತಿಸಿದರು. ಮಿಂಚು ಕಂಡು ಗುಡುಗು ಕೇಳುವವರೆಗೆ ಎಣಿಸುವುದು ನಮ್ಮ ಮಕ್ಕಳಿಗೆ ಗೊತ್ತು. ಇಲ್ಲೂ ಹಾಗೇ, ಹತ್ತಿರದ ಭೂಕಂಪವಾದರೆ ಪಿ ಬಂದು ಎಸ್ ಬರುವ ನಡುವಿನ ಪ್ರತಿ ಸೆಕೆಂಡಿಗೆ ಸುಮಾರು ಎಂಟು ಕಿಲೋಮೀಟರ್ ದೂರ. 1906ರಲ್ಲಿ ಅದೇ ಓಲ್ಡಮ್, ಭೂಮಿಯ ನಡುವೆ ಅಲೆಗಳನ್ನು ನಿಧಾನ ಮಾಡುವ ಬೇರೊಂದು ಗೋಳ ಇದೆ ಅಂದರು. ಅದು ಸುಮಾರು 2,900 ಕಿಲೋಮೀಟರ್ ಆಳದಲ್ಲಿ ಶುರು ಅಂತ ಜರ್ಮನಿಯ ಗುಟೆನ್‌ಬರ್ಗ್ ಲೆಕ್ಕ ಹಾಕಿದರು. ಭೂಮಿಯ ಮಧ್ಯದಲ್ಲಿ ಕೋನ ಅಳೆದರೆ ಭೂಕಂಪದ ಜಾಗದಿಂದ 104 ಡಿಗ್ರಿ ಆಚೆ ಭೂಮಿಯ ಇನ್ನೊಂದು ಮಗ್ಗುಲಿಗೆ ಎಸ್ ತರಂಗ ನೇರವಾಗಿ ತಲುಪುವುದೇ ಇಲ್ಲ. ನಡುವೆ ಕೈ ಬಿಟ್ಟು ನಿಂತವರಿದ್ದಾರೆ.

"ಹಲಸಿನಹಣ್ಣು ಬಡಿದು ನೋಡ್ತಾರಲ್ಲ ಮಿಸ್, ಹಾಗೆ" ಅಂದಳು ಅದೇ ಹುಡುಗಿ. ಕುಯ್ಯದೇ ಒಳಗೆ ಹಣ್ಣಾಗಿದೆಯೋ ಇಲ್ಲವೋ ಅಂತ ಅವಳ ಅಜ್ಜಿ ಬಡಿದೇ ಹೇಳುತ್ತಾರಂತೆ. ನಾನು ಈರುಳ್ಳಿ ಬಿಟ್ಟು ಹಲಸಿಗೆ ಬಂದದ್ದು ಅವತ್ತಿನಿಂದ. ಬಿಸಿಯೂಟಕ್ಕೆ ಬೇಯಿಸಿದ ಮೊಟ್ಟೆಯೊಂದು, ಮನೆಯಿಂದ ತಂದ ಹಸಿ ಮೊಟ್ಟೆಯೊಂದು ಬ್ಯಾಗಿನಲ್ಲಿತ್ತು. ಕಟ್ಟೆಯ ಮೇಲೆ ತಿರುಗಿಸಿದರೆ ಬೆಂದದ್ದು ಬುಗುರಿಯ ಹಾಗೆ ತಿರುಗಿತು, ಹಸಿ ಮೊಟ್ಟೆ ತಡವರಿಸಿತು. ಒಡೆಯದೇ ಒಳಗಿನದು ಗೊತ್ತಾಯಿತು. ಹಸಿ ಮೊಟ್ಟೆ ಉರುಳಿ ಹಳ್ಳಕ್ಕೆ ಬಿದ್ದದ್ದರಿಂದ ಎಲ್ಲರಿಗೂ ತೋರಿಸಲಾಗಲಿಲ್ಲ.

ಮೋರಿಯಿಂದ ಮುಂದೆ ಕರಗಿದ ಕಬ್ಬಿಣದ ದಾರಿ, ಜೊತೆಗೆ ನಿಕ್ಕಲ್. ಇಲ್ಲೇ ಸುಮಾರು ನಾಲ್ಕು ಸಾವಿರ ಡಿಗ್ರಿ. ಈ ಕಬ್ಬಿಣ ಒಳಗೆ ಹೊರಳಾಡುವುದರಿಂದಲೇ ಭೂಮಿಗೆ ಕಾಂತಶಕ್ತಿ ಬಂದಿದೆ. ಗಣಿತದ ಸಾರ್ ಮೊಬೈಲಿನ ದಿಕ್ಸೂಚಿ ತೋರಿಸಿ, ಮುಳ್ಳನ್ನು ತಿರುಗಿಸುತ್ತಿರುವುದು ಇದೇ ಅಂದರು. ಮಕ್ಕಳಿಗೆ ಹಸಿವು ಶುರುವಾಗಿತ್ತು, ಅದರ ಮೇಲೆ ಜಾಸ್ತಿ ಮಾತು ಬೆಳೆಸಲಿಲ್ಲ.

5,150ಕ್ಕೆ ಹಾಲಿನ ಡೈರಿ. ಒಳ ಕೇಂದ್ರಗೋಳ. ಮತ್ತೆ ಗಟ್ಟಿ. ಹೊರಗಿನದಕ್ಕಿಂತ ಬಿಸಿ ಜಾಸ್ತಿ ಇದ್ದೂ ಗಟ್ಟಿ ಹೇಗೆ ಅಂತ ಎಲ್ಲರೂ ಒಟ್ಟಿಗೆ ಕೇಳಿದರು. ಮೇಲಿನ ಒತ್ತಡ. ಮಧ್ಯದಲ್ಲಿ ನಮ್ಮ ವಾತಾವರಣದ ಒತ್ತಡದ ಮೂವತ್ತಾರು ಲಕ್ಷ ಪಟ್ಟು. ಕಬ್ಬಿಣಕ್ಕೆ ಕರಗಿ ಹರಡಲು ಜಾಗವೇ ಇಲ್ಲ. ಇದನ್ನು ಕಂಡುಹಿಡಿದವರು ಡೆನ್ಮಾರ್ಕಿನ ಇಂಗೆ ಲೆಮನ್, 1936ರಲ್ಲಿ. ನ್ಯೂಜಿಲೆಂಡಿನ ಒಂದು ಭೂಕಂಪದ ಅಲೆಗಳು, ಬರಬಾರದ ಜಾಗದಲ್ಲಿ ಸಣ್ಣಗೆ ಬಂದಿದ್ದವು. ಬೇರೆಯವರು ಗಣನೆಗೆ ತೆಗೆದುಕೊಳ್ಳದಿದ್ದ ಆ ಸಣ್ಣ ಗೆರೆಗಳನ್ನು ಅವರು ಹಿಡಿದುಕೊಂಡು ಕೂತರು. ಓಟ್ಸ್ ಡಬ್ಬಗಳಲ್ಲಿ ರಟ್ಟಿನ ಕಾರ್ಡುಗಳನ್ನು ಜೋಡಿಸಿಟ್ಟುಕೊಂಡು ಲೆಕ್ಕ ಮಾಡುತ್ತಿದ್ದರಂತೆ. ಕಂಪ್ಯೂಟರ್ ಇಲ್ಲದ ಕಾಲ. ಅವರು 104 ವರ್ಷ ಬದುಕಿದರು. "ಒಳಗೆ ಹೋಗಿ ನೋಡಿ ಬಂದವರು ಯಾರು ಅಂತ ಕೇಳಿದ್ದೆಯಲ್ಲ" ಅಂತ ಆ ಹುಡುಗಿಯ ಕಡೆ ತಿರುಗಿದೆ. ಅವಳು ಡೈರಿಯ ಗೋಡೆಗೆ ಒರಗಿ, "ಹೋಗ್ಲೇ ಇಲ್ಲ ಅವರು" ಅಂದಳು.

ಭೂಮಿಯ ಮಧ್ಯ ಒಂದು ಮನೆಯ ಅಡಿಕೆ ಚಪ್ಪರದ ಮುಂದೆ ಬಂತು. ಹೊರಟು ಎರಡೂಮುಕ್ಕಾಲು ಗಂಟೆಯಾಗಿತ್ತು, ಪಿ ತರಂಗ ಇಷ್ಟು ದೂರವನ್ನು ಹತ್ತು ನಿಮಿಷದಲ್ಲಿ ಮುಗಿಸುತ್ತದೆ. ಅದೂ ನಿಜವಾದ ಕಿಲೋಮೀಟರುಗಳನ್ನು. ಇಲ್ಲಿ ಯಾವ ಕಡೆ ನೋಡಿದರೂ ಮೇಲೆಯೇ, ಎಲ್ಲ ಕಡೆಯ ಸೆಳೆತವೂ ಸಮನಾಗಿ ತೂಕವೇ ಇರುವುದಿಲ್ಲ ಅಂದೆ. "ಹಾಗಾದ್ರೆ ಬ್ಯಾಗ್ ಇಲ್ಲೇ ಇಡ್ಬಹುದಲ್ವಾ ಮಿಸ್" ಅಂತ ಒಬ್ಬ ಇಳಿಸಿಬಿಟ್ಟ. ಅಡಿಕೆ ಸುಲಿಯುತ್ತಿದ್ದ ಅಮ್ಮಂದಿರು ನಗುತ್ತಾ ಮಜ್ಜಿಗೆ ಕೊಟ್ಟರು. ವಾಪಸ್ ಬರಲು ನೆಚ್ಚಿಕೊಂಡಿದ್ದ ಬಸ್ಸು ಅವತ್ತು ಬರಲಿಲ್ಲ. ಎರಡು ಪಿಕಪ್‌ಗಳಲ್ಲಿ ಮಕ್ಕಳನ್ನು ಹತ್ತಿಸಿದೆವು, ನನಗದು ಇಷ್ಟವಿರಲಿಲ್ಲ. ಈಗ ಮೊದಲೇ ವಾಪಸ್ ಗಾಡಿಗೆ ಹೇಳಿಟ್ಟೇ ಹೊರಡುತ್ತೇನೆ. ಗುರುತುಗಳನ್ನೂ ಚಾಕ್‌ಪೀಸ್ ಬಿಟ್ಟು ಬಿಳಿ ಪೇಂಟಿನಲ್ಲಿ ಹಾಕಿಸಿದ್ದೇನೆ, ರಸ್ತೆಗಲ್ಲ, ಕಲ್ಲುಗಳಿಗೆ.

ಪರೀಕ್ಷೆಯಲ್ಲಿ ಚಿತ್ರ ಬರೆಯುವ ಪ್ರಶ್ನೆ ಕೊಟ್ಟೆ. ಅರ್ಧ ಜನ ಹಳೇ ರೂಢಿಯಂತೆ ಹೊರಗೆ ದಪ್ಪ ಪಟ್ಟಿ ಬರೆದು ಕಂದು ಬಣ್ಣ ತುಂಬಿದ್ದರು. ಆ ಹುಡುಗಿಯ ಪತ್ರಿಕೆಯಲ್ಲಿ ಹಾಳೆ ತುಂಬ ವೃತ್ತ, ಒಳಗೆ ಎರಡು ವೃತ್ತ, ಭೂಕವಚಕ್ಕೆ ಪಟ್ಟಿಯೇ ಇರಲಿಲ್ಲ. ಬಾಣದ ಗುರುತು ಹೊರಗಿನ ಗೆರೆಗೆ ತಾಗಿತ್ತು. ಅದರ ಮುಂದೆ ಸಣ್ಣ ಅಕ್ಷರದಲ್ಲಿ 'ಭೂಕವಚ. ಪೆನ್ಸಿಲ್ ಗೆರೆಯ ದಪ್ಪ' ಅಂತ ಬರೆದಿದ್ದಳು. ಸ್ಕೇಲ್ ಇಟ್ಟು ನೋಡಿದೆ. ವೃತ್ತದ ತ್ರಿಜ್ಯ ಆರೂವರೆ ಸೆಂಟಿಮೀಟರಿಗೆ ಹತ್ತಿರ ಇತ್ತು. ಆ ಲೆಕ್ಕಕ್ಕೆ ಭೂಕವಚ ಅರ್ಧ ಮಿಲಿಮೀಟರ್ ಕೂಡ ಬರುವುದಿಲ್ಲ. ಪೆನ್ಸಿಲ್ ಸ್ವಲ್ಪ ಮೊಂಡಾಗಿತ್ತು, ಅಷ್ಟೇ.